ಹೊಸ ವಾಚಿನ ಪರದೆಯಲ್ಲಿ ಹಸಿರು ಗೆರೆ: ಗೀರಿಗೂ ಗೆರೆಗೂ ಏನು ಸಂಬಂಧ?

ಪ್ರಶ್ನೆ: ಹೊಸ ಸ್ಮಾರ್ಟ್‌ವಾಚ್ ತಗೊಂಡು ಹನ್ನೆರಡು ದಿನ ಆಯಿತು. ಗುಂಡಗಿನ ಡಯಲ್, ಅಮೋಲೆಡ್ ಪರದೆ. ಒಂಬತ್ತನೇ ದಿನ ಬೆಳಿಗ್ಗೆ ನೋಡಿದರೆ ಎಡಭಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ಕೂದಲೆಳೆಯಷ್ಟು ತೆಳು ಹಸಿರು ಗೆರೆ. ನಾನು ಬೀಳಿಸಿಲ್ಲ, ಎಲ್ಲೂ ಬಡಿಸಿಕೊಂಡಿಲ್ಲ. ಮಾರಿದವರು ‘ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ’ ಅಂದರು. ಅಲ್ಲಿ ಗಾಜಿನ ಬಲ ಅಂಚಿನಲ್ಲಿದ್ದ ಒಂದು ಸಣ್ಣ ಗೀರು ತೋರಿಸಿ ‘ಇದು ಫಿಸಿಕಲ್ ಡ್ಯಾಮೇಜ್, ವಾರಂಟಿ ಬರಲ್ಲ’ ಅಂದರು. ಇನ್ನೂ ಎರಡು ವಿಷಯ ಇವೆ. ಕೆಳಗಡೆ ಒಂದು ಚುಕ್ಕೆ ಯಾವಾಗಲೂ ಕಪ್ಪಾಗಿಯೇ ಇರುತ್ತದೆ. ಕತ್ತಲಲ್ಲಿ ನೋಡಿದರೆ ಬೂದು ಬಣ್ಣ ತೇಪೆ ಹಾಕಿದ ಹಾಗೆ ಕಾಣುತ್ತದೆ. ಇವೂ ದೋಷವೇ? ನಾನು ಈಗ ಏನು ಮಾಡಬೇಕು?

ಉತ್ತರ: ಮೊದಲು ಬಿಲ್ ತೆಗೆದು ರಿಟರ್ನ್ ಅವಧಿ ಯಾವತ್ತು ಮುಗಿಯುತ್ತದೆ ನೋಡಿ. ಈ ಉತ್ತರ ಓದುವುದು ಆಮೇಲೂ ಆಗುತ್ತದೆ. ಕೆಲವರು ಏಳು ದಿನ ಕೊಡುತ್ತಾರೆ, ಕೆಲವರು ಹದಿನಾಲ್ಕು, ಕೆಲವರು ಮೂವತ್ತು. ನಿಮಗೆ ಹದಿನಾಲ್ಕು ದಿನ ಅಂತಿದ್ದರೆ ಕೈಯಲ್ಲಿ ಉಳಿದಿರುವುದು ಎರಡೇ ದಿನ. ಗೆರೆ ಕಂಡಿದ್ದು ಒಂಬತ್ತನೇ ದಿನ. ಆಮೇಲಿನ ಮೂರು ದಿನ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಓಡಾಡುವುದರಲ್ಲೇ ಹೋಯಿತು ಅಲ್ವಾ? ಎಷ್ಟೋ ಜನರ ರಿಟರ್ನ್ ಅವಧಿ ಮುಗಿಯುವುದು ಹೀಗೇ. ‘ಸರ್ವಿಸ್ ಸೆಂಟರಿಗೆ ಹೋಗಿ’ ಎಂದು ಮಾರಿದವರು ಬೇಕಂತಲೇ ಹೇಳಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಮಾತಿನ ಲಾಭ ಅವರಿಗೇ.

ಇವತ್ತೇ ಅವರಿಗೆ ಬರಹದಲ್ಲಿ ತಿಳಿಸಿ. ಫೋನ್ ಮಾಡಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಇಮೇಲ್, ಅವರ ಆ್ಯಪ್‌ನಲ್ಲಿರುವ ಚಾಟ್, ಯಾವುದಾದರೂ ಸರಿ, ದಿನಾಂಕ ಬೀಳುವ ಹಾಗಿರಲಿ. ಉದ್ದ ಬರೆಯಬೇಡಿ. ‘ಇಂಥ ದಿನ ಕೊಂಡ, ಈ ಸೀರಿಯಲ್ ನಂಬರಿನ ವಾಚಿನ ಪರದೆಯಲ್ಲಿ ಒಂಬತ್ತನೇ ದಿನ ಗೆರೆ ಕಾಣಿಸಿಕೊಂಡಿದೆ. ಫೋಟೋ ಜೊತೆಗಿದೆ. ರಿಟರ್ನ್ ಅವಧಿಯೊಳಗೇ ತಿಳಿಸುತ್ತಿದ್ದೇನೆ. ಹಣ ವಾಪಸ್ ಅಥವಾ ಬೇರೆ ವಾಚ್ ಬೇಕು.’ ಇಷ್ಟು ಸಾಕು. ಅವರು ಉತ್ತರ ಕೊಡಲು ನಾಲ್ಕು ದಿನ ತಗೊಂಡರೂ ನೀವು ಅವಧಿಯೊಳಗೆ ಹೇಳಿದ್ದಕ್ಕೆ ದಾಖಲೆ ಇರುತ್ತದೆ.

ರಿಟರ್ನಿಗೆ ಇಷ್ಟು ಒತ್ತು ಯಾಕೆ ಅಂದರೆ, ವಾರಂಟಿ ಬೇರೆಯೇ ಆಟ. ರಿಟರ್ನಿನಲ್ಲಿ ಕೇಳುವ ಪ್ರಶ್ನೆ ಒಂದೇ: ವಸ್ತು ಸರಿ ಇದೆಯೋ ಇಲ್ಲವೋ. ವಾರಂಟಿಯಲ್ಲಿ ಇನ್ನೊಂದು ಪ್ರಶ್ನೆ ಸೇರಿಕೊಳ್ಳುತ್ತದೆ: ಕೆಡಿಸಿದ್ದು ಯಾರು? ನಿಮ್ಮ ಪರದೆ ಕೆಟ್ಟಿದೆ ಅನ್ನುವುದನ್ನು ಸರ್ವಿಸ್ ಸೆಂಟರಿನವರೂ ಒಪ್ಪಿದ್ದಾರೆ, ಗಮನಿಸಿ. ಅವರ ತಕರಾರು ಕಾರಣದ ಬಗ್ಗೆ ಮಾತ್ರ. ಹಾಗಾಗಿ ನೀವೂ ಕಾರಣದ ಬಗ್ಗೆಯೇ ಮಾತಾಡಬೇಕು.

ವಾಚಿನ ಮುಖ ಒಂದೇ ಗಾಜಿನ ತುಂಡಿನ ಹಾಗೆ ಕಂಡರೂ ಅದು ಪದರ ಪದರವಾಗಿ ಅಂಟಿಸಿದ ವಸ್ತು. ಮೇಲೆ ಗಟ್ಟಿ ಗಾಜು, ಅದರ ಕೆಳಗೆ ಬೆರಳು ಗುರುತಿಸುವ ಟಚ್ ಪದರ, ಅದರ ಕೆಳಗೆ ಬೆಳಕು ಕೊಡುವ ಅಮೋಲೆಡ್ ಪ್ಯಾನೆಲ್. ಅಮೋಲೆಡ್‌ನಲ್ಲಿ ಹಿಂದಿನಿಂದ ಬೆಳಗುವ ದೀಪ ಇರುವುದಿಲ್ಲ. ಒಂದೊಂದು ಪಿಕ್ಸೆಲ್ಲೂ, ಅಂದರೆ ಚಿತ್ರ ಕಟ್ಟುವ ಒಂದೊಂದು ಪುಟ್ಟ ಚುಕ್ಕೆಯೂ, ತಾನೇ ಉರಿಯುತ್ತದೆ. ಕಪ್ಪು ಬೇಕಾದಾಗ ಆರಿ ಸುಮ್ಮನಾಗುತ್ತದೆ. ಈ ಪಿಕ್ಸೆಲ್‌ಗಳಿಗೆ ಸುದ್ದಿ ಮುಟ್ಟಿಸಲು ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಗಳು ಉದ್ದಕ್ಕೂ ಅಡ್ಡಕ್ಕೂ ಹಾಸಿಕೊಂಡಿವೆ. ಉದ್ದ ಸಾಲಿನ ಪಿಕ್ಸೆಲ್‌ಗಳಿಗೆಲ್ಲ ಒಂದೇ ತಂತಿ. ಆ ತಂತಿಗಳೆಲ್ಲ ಪ್ಯಾನೆಲ್ಲಿನ ಒಂದು ಅಂಚಿಗೆ ಬಂದು, ಕಾಗದದಷ್ಟು ತೆಳುವಾದ ಫ್ಲೆಕ್ಸ್ ಕೇಬಲ್ ಮೂಲಕ ಪರದೆಯನ್ನು ನಡೆಸುವ ಡ್ರೈವರ್ ಚಿಪ್ಪಿಗೆ ಸೇರುತ್ತವೆ. ಆ ಸೇರುವ ಜಾಗದಲ್ಲಿ ಒಂದೇ ಒಂದು ಕೂಡಿಕೆ ಸಡಿಲವಾದರೂ ಅದರ ಸಾಲು ಪೂರ್ತಿ ಹತೋಟಿ ತಪ್ಪುತ್ತದೆ. ಆಗ ಕಾಣುವುದು ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ, ಒಂದೇ ದಪ್ಪ, ಒಂದೇ ಬಣ್ಣದ ಗೆರೆ. ನಿಮ್ಮ ವರ್ಣನೆ ಓದಿದರೆ ಇದೇ ಅನ್ನಿಸುತ್ತದೆ. ಬಣ್ಣ ಹಸಿರೇ ಆಗಬೇಕೆಂದಿಲ್ಲ, ಗುಲಾಬಿ ಬಿಳಿ ಗೆರೆಗಳೂ ಬರುತ್ತವೆ. ನಮ್ಮ ಕಣ್ಣಿಗೆ ಹಸಿರು ಉಳಿದ ಬಣ್ಣಗಳಿಗಿಂತ ಬೇಗ ಹತ್ತುತ್ತದೆ, ಅಷ್ಟೇ.

ಪೆಟ್ಟು ಬಿದ್ದು ಕೆಟ್ಟ ಪರದೆಯ ಚಹರೆಯೇ ಬೇರೆ. ಪೆಟ್ಟು ಬಿದ್ದ ಜಾಗದಿಂದ ಗೆರೆಗಳು ಹೊರಡುತ್ತವೆ. ಒಂದಲ್ಲ, ಹಲವು. ಬಹಳ ಸಲ ಅಲ್ಲೊಂದು ಮಸಿ ಚೆಲ್ಲಿದಂಥ ಕಪ್ಪು ಕಲೆ ಇರುತ್ತದೆ, ಅಂಚು ನೇರಳೆ. ಎರಡು ದಿನ ಬಿಟ್ಟು ನೋಡಿದರೆ ಅದು ದೊಡ್ಡದಾಗಿರುತ್ತದೆ. ಅಮೋಲೆಡ್‌ನಲ್ಲಿ ಬೆಳಕು ಕೊಡುವ ವಸ್ತುವಿಗೆ ಗಾಳಿ, ತೇವ ಎರಡೂ ಆಗಿಬರುವುದಿಲ್ಲ. ಅದನ್ನು ಮುಚ್ಚಿಟ್ಟಿರುವ ಪದರ ಬಿರುಕು ಬಿಟ್ಟರೆ ಒಳಗೆ ನುಗ್ಗಿದ ತೇವ ನಿಧಾನಕ್ಕೆ ತಿನ್ನುತ್ತಾ ಹೋಗುತ್ತದೆ. ಮೇಲಿನ ಗಾಜು ಚೆನ್ನಾಗಿದ್ದು ಒಳಗಿನ ಪ್ಯಾನೆಲ್ ಒಡೆದಿರುವುದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆಗಲೂ ಈ ಕಲೆ ಸಾಕ್ಷಿ ಹೇಳುತ್ತದೆ.

ನಿಮ್ಮ ಗೀರು ಬಲ ಅಂಚಿನಲ್ಲಿದೆ, ಗೆರೆ ಎಡಕ್ಕಿದೆ. ಗೀರು ಮೇಲಿನ ಗಾಜಿನ ಮೈಮೇಲೆ, ಗೆರೆ ಎರಡು ಪದರ ಕೆಳಗೆ. ಗಾಜಿನ ಮೇಲೆ ಗೀರು ಬೀಳಲು ಪೆಟ್ಟೇ ಬೇಕಾಗಿಲ್ಲ. ಧೂಳು ಮರಳಿನಲ್ಲಿ ಕ್ವಾರ್ಟ್ಜ್ ಕಣಗಳಿರುತ್ತವೆ. ಗಡಸುತನ ಅಳೆಯುವ ಮೋಹ್ಸ್ ಅಳತೆಯಲ್ಲಿ ಕ್ವಾರ್ಟ್ಜ್ 7, ಕೆಲವು ವಾಚುಗಳ ಮೇಲೆ ಗಾಜಿನ ಬದಲು ಹಾಕುವ ಸಫೈರ್ 9. ಮಾಮೂಲಿ ಗಾಜು 7ಕ್ಕಿಂತ ಕೆಳಗೆ. ಅಂಗಿ ತೋಳಿಗೆ ಅಂಟಿದ ಧೂಳು ಉಜ್ಜಿದರೂ ಗಾಜಿನ ಮೇಲೆ ಗೀರು ಬೀಳಬಹುದು. ಅದರಿಂದ ಒಳಗಿನ ತಂತಿ ಕಡಿಯುವುದಿಲ್ಲ. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಸರ್ವಿಸ್ ಸೆಂಟರಿನವರು ನಿಮಗೆ ಹೇಳಿದ್ದು ಅದನ್ನೇ.

ಒಂದೇ ಒಂದು ಎಚ್ಚರ. ಗೀರು ಉಗುರಿಗೆ ಸಿಗುತ್ತದಾ ನೋಡಿ. ಉಗುರು ಜಾರಿಹೋದರೆ ಅದು ಮೇಲ್ಮೈ ಗೀರು. ಉಗುರು ತಡೆದು ನಿಂತರೆ, ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ, ಅಥವಾ ಪಕ್ಕದ ಲೋಹದ ಚೌಕಟ್ಟಿನಲ್ಲೂ ಜಜ್ಜಿದ ಗುರುತಿದ್ದರೆ ಅವರ ವಾದಕ್ಕೆ ಸ್ವಲ್ಪ ಬಲ ಬರುತ್ತದೆ. ನಾನು ರಿಪೇರಿ ಮೇಜಿನ ಆಚೆ ಬದಿಯಲ್ಲಿ ವರ್ಷಗಟ್ಟಲೆ ಕೂತವನು. ‘ಏನೂ ಆಗಿಲ್ಲ ಸಾರ್’ ಅಂತ ಬಂದ ವಾಚಿನ ಚೌಕಟ್ಟು ತಿರುಗಿಸಿ ನೋಡಿದರೆ ಬಾಗಿಲಿನ ಬಣ್ಣ ಮೆತ್ತಿಕೊಂಡಿದ್ದೂ ಇದೆ. ಆದ್ದರಿಂದ ಅವರಿಗಿಂತ ಮೊದಲು ನೀವೇ ಭೂತಗನ್ನಡಿ ಹಿಡಿದು ನೋಡಿಕೊಳ್ಳಿ. ಹಾಗೆಯೇ ಗಾಜು ಯಾವುದಾದರೂ ಬದಿಯಲ್ಲಿ ಚೌಕಟ್ಟಿನಿಂದ ಮೇಲೆದ್ದಿದೆಯಾ ಗಮನಿಸಿ. ಎದ್ದಿದ್ದರೆ ಒಳಗೆ ಬ್ಯಾಟರಿ ಉಬ್ಬಿರುವ ಸಾಧ್ಯತೆ ಇದೆ. ಒತ್ತಿ ಕೂರಿಸಲು ಹೋಗಬೇಡಿ. ಚಾರ್ಜ್ ಮಾಡುವುದನ್ನೂ ಕಟ್ಟುವುದನ್ನೂ ಅಲ್ಲಿಗೇ ನಿಲ್ಲಿಸಿ. ಆಗ ಅದು ಪರದೆಯ ವಿಷಯವಲ್ಲ, ಸುರಕ್ಷತೆಯ ವಿಷಯ.

ಇನ್ನು ಸಾಕ್ಷಿ ಕೂಡಿಹಾಕುವ ಕೆಲಸ. ಮೊದಲು ವಾಚಿನಲ್ಲೇ ಒಂದು ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲಿ ನೋಡಿ. ಸ್ಕ್ರೀನ್‌ಶಾಟಿನಲ್ಲಿ ಗೆರೆ ಇಲ್ಲದಿದ್ದರೆ ತಪ್ಪು ಪ್ಯಾನೆಲ್ಲಿನದು ಅಥವಾ ಅದಕ್ಕೆ ಬರುವ ದಾರಿಯದು. ಸ್ಕ್ರೀನ್‌ಶಾಟಿನಲ್ಲೂ ಗೆರೆ ಬಂದರೆ ತಪ್ಪು ಸಾಫ್ಟ್‌ವೇರಿನದು. ಪುಕ್ಕಟೆ ಪರೀಕ್ಷೆ, ಅರ್ಧ ನಿಮಿಷದ ಕೆಲಸ. ಆದರೂ ಹೆಚ್ಚಿನವರು ಮಾಡುವುದಿಲ್ಲ. ಮಾಡಿಟ್ಟುಕೊಂಡರೆ ‘ಅಪ್‌ಡೇಟ್ ಬರುತ್ತೆ, ಕಾಯಿರಿ’ ಅನ್ನುವ ಉತ್ತರಕ್ಕೆ ಜಾಗವೇ ಇರುವುದಿಲ್ಲ.

ಆಮೇಲೆ ಒಂದು ವಿಡಿಯೋ. ಮಧ್ಯೆ ಎಲ್ಲೂ ನಿಲ್ಲಿಸದೆ ಒಂದೇ ಸಲಕ್ಕೆ ತೆಗೆಯಿರಿ. ಪರದೆ ಉರಿಯುವಾಗ ಗೆರೆ ತೋರಿಸಿ, ಡಯಲ್ ಬದಲಿಸಿ ತೋರಿಸಿ, ಸೆಟ್ಟಿಂಗ್ಸ್‌ಗೆ ಹೋಗಿ ಸೀರಿಯಲ್ ನಂಬರ್ ತೋರಿಸಿ. ಆಮೇಲೆ ಪರದೆ ಆರಿಸಿ, ದೀಪದ ಓರೆ ಬೆಳಕಿನಲ್ಲಿ ಗಾಜಿನ ಅಂಚನ್ನು ಸುತ್ತಲೂ ತಿರುಗಿಸಿ. ಗೀರನ್ನೂ ತೋರಿಸಿ, ಮುಚ್ಚಿಡಬೇಡಿ. ಅದು ಎಷ್ಟು ಚಿಕ್ಕದು, ಗೆರೆಯಿಂದ ಎಷ್ಟು ದೂರ ಅನ್ನುವುದೇ ನಿಮ್ಮ ಪರವಾದ ಸಾಕ್ಷಿ. ಗೆರೆ ಕೆಲವೊಮ್ಮೆ ಮಾಯವಾಗಿ ಮತ್ತೆ ಬರುತ್ತಿದ್ದರೆ ಬಂದಾಗಲೇ ಹಿಡಿಯಿರಿ. ಸರ್ವಿಸ್ ಸೆಂಟರಿನ ಮೇಜಿನ ಮೇಲೆ ಅದು ಒಳ್ಳೆ ಮಗುವಿನ ಹಾಗೆ ಸುಮ್ನೆ ಕೂತುಬಿಡುತ್ತದೆ. ಇದೆಲ್ಲ ಆದ ಮೇಲೆ ವಾಚನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಫ್ಯಾಕ್ಟರಿ ರಿಸೆಟ್ ಕೊನೆಯ ಮೆಟ್ಟಿಲು. ಮಾಡುವ ಮುಂಚೆ ಹೆಜ್ಜೆ, ನಿದ್ದೆಯ ಲೆಕ್ಕವೆಲ್ಲ ಫೋನಿಗೆ ಸೇರಿದೆಯಾ ನೋಡಿಕೊಳ್ಳಿ.

ಕಪ್ಪು ಚುಕ್ಕೆಗೆ ಬರೋಣ. ಅದು ಸತ್ತ ಪಿಕ್ಸೆಲ್ ಇರಬಹುದು. ಮೊದಲು ಗಾಜು ಚೆನ್ನಾಗಿ ಒರೆಸಿ. ನಗಬೇಡಿ, ಮೇಲಿನ ಫಿಲ್ಮಿನ ಕೆಳಗೆ ಸಿಕ್ಕಿಕೊಂಡ ಧೂಳಿನ ಕಣ ಎಷ್ಟೋ ಜನರನ್ನು ಸರ್ವಿಸ್ ಸೆಂಟರಿಗೆ ಕಳಿಸಿದೆ. ಆಮೇಲೆ ಫೋನಿನಲ್ಲಿ ಬರೀ ಕೆಂಪು, ಬರೀ ಹಸಿರು, ಬರೀ ನೀಲಿ, ಬರೀ ಬಿಳಿ, ಬರೀ ಬೂದು ಬಣ್ಣದ ಚಿತ್ರಗಳನ್ನು ಮಾಡಿ, ಫೋಟೋ ಡಯಲ್ ಆಗಿ ಒಂದೊಂದೇ ಹಾಕಿ ನೋಡಿ. ಎಲ್ಲ ಬಣ್ಣದಲ್ಲೂ ಕಪ್ಪಾಗಿಯೇ ಇದ್ದರೆ ಪಿಕ್ಸೆಲ್ ಪೂರ್ತಿ ಸತ್ತಿದೆ. ಕೆಂಪು, ಹಸಿರು, ನೀಲಿಯಲ್ಲಿ ಒಂದರಲ್ಲಿ ಮಾತ್ರ ಕಪ್ಪಾಗಿ ಕಂಡರೆ ಅದರ ಒಂದು ಭಾಗ ಮಾತ್ರ ಹೋಗಿದೆ. ಒಂದೊಂದು ಪಿಕ್ಸೆಲ್ಲಿನೊಳಗೂ ಬೇರೆ ಬೇರೆ ಬಣ್ಣದ ಚಿಕ್ಕ ಭಾಗಗಳಿರುತ್ತವೆ.

ಒಂದೇ ಪಿಕ್ಸೆಲ್ ಸತ್ತರೆ ಬದಲಿಸಿಕೊಡುತ್ತಾರಾ? ಕಂಪನಿಗಳು ಇಲ್ಲಿ ರಾಗ ಎಳೆಯುತ್ತವೆ. ‘ಒಂದೆರಡು ಪಿಕ್ಸೆಲ್ ಸಹಜ’ ಅನ್ನುವ ಉತ್ತರ ಬರಬಹುದು. ಆ ಮಾತಿನ ಹಿಂದೆ ಕಂಪ್ಯೂಟರ್ ಮಾನಿಟರುಗಳ ಲೆಕ್ಕ ಇದೆ. 2008ರ ಐಎಸ್‌ಒ 9241-307 ಎಂಬ ಅಂತರರಾಷ್ಟ್ರೀಯ ಮಾನದಂಡ ಪರದೆಗಳನ್ನು ದರ್ಜೆಗಳಾಗಿ ವಿಂಗಡಿಸಿ, ಯಾವ ದರ್ಜೆಯಲ್ಲಿ ಹತ್ತು ಲಕ್ಷ ಪಿಕ್ಸೆಲ್ಲಿಗೆ ಎಷ್ಟು ದೋಷ ನಡೆಯುತ್ತದೆ ಎಂದು ಹೇಳುತ್ತದೆ. ಹತ್ತು ಲಕ್ಷಕ್ಕೆ! ನಿಮ್ಮ ವಾಚಿನ ಪರದೆ 450ಕ್ಕೆ 450 ಅಂತ ಇಟ್ಟುಕೊಂಡರೂ ಒಟ್ಟು 2,02,500 ಪಿಕ್ಸೆಲ್. ಗುಂಡಗಿನ ಡಯಲ್ಲಿನಲ್ಲಿ ಮೂಲೆಗಳು ಕಳೆದರೆ ಸುಮಾರು 1.6 ಲಕ್ಷ. ಅಷ್ಟು ಚಿಕ್ಕ ಪರದೆಯಲ್ಲಿ ಒಂದು ಸತ್ತರೂ ಹತ್ತು ಲಕ್ಷಕ್ಕೆ ಆರು ಸತ್ತ ಲೆಕ್ಕವಾಯಿತು. ಮಾನಿಟರಿನ ರಿಯಾಯಿತಿಯನ್ನು ಮಣಿಕಟ್ಟಿಗೆ ತಂದು ಕಟ್ಟಬೇಡಿ ಅಂತ ನೀವು ಧೈರ್ಯವಾಗಿ ಹೇಳಬಹುದು. ಆದರೂ ನನ್ನ ಸಲಹೆ ಇಷ್ಟು: ದೂರಿನಲ್ಲಿ ಗೆರೆಯನ್ನು ಮುಂದಿಡಿ, ಚುಕ್ಕೆಯನ್ನು ಎರಡನೇ ಸಾಲಿನಲ್ಲಿ ಬರೆಯಿರಿ. ಗೆರೆಗೆ ಪರದೆ ಬದಲಾದರೆ ಚುಕ್ಕೆಯೂ ಹೋಗುತ್ತದೆ. ಪದರಗಳೆಲ್ಲ ಅಂಟಿಕೊಂಡಿರುವುದರಿಂದ ಬದಲಿಸಿದರೆ ಪೂರ್ತಿ ಮುಖವನ್ನೇ ಬದಲಿಸುತ್ತಾರೆ.

ಬೂದು ಬಣ್ಣದ ತೇಪೆಯನ್ನು ಮಾತ್ರ ಬಿಟ್ಟುಬಿಡಿ ಅನ್ನುತ್ತೇನೆ. ಇದಕ್ಕೆ ಪರದೆ ಮಾಡುವವರು ಮುರ ಅನ್ನುತ್ತಾರೆ. ಸಮ ಇಲ್ಲದಿರುವುದು ಅನ್ನುವ ಅರ್ಥದ ಜಪಾನಿ ಪದ. ಬೆಳಕು ಬಹಳ ಕಡಿಮೆ ಇದ್ದಾಗ ಪಿಕ್ಸೆಲ್‌ಗಳಿಗೆ ಹೋಗುವ ವಿದ್ಯುತ್ತಿನ ಸಣ್ಣ ಏರುಪೇರೂ ಎದ್ದು ಕಾಣುತ್ತದೆ. ಕತ್ತಲ ಕೋಣೆಯಲ್ಲಿ, ಅತಿ ಕಡಿಮೆ ಬೆಳಕಿನಲ್ಲಿ, ಬೂದು ಚಿತ್ರ ಹಾಕಿ ಹುಡುಕಿದರೆ ಬಹುತೇಕ ಅಮೋಲೆಡ್ ಪರದೆಗಳಲ್ಲಿ ಸ್ವಲ್ಪ ಸಿಕ್ಕೇ ಸಿಗುತ್ತದೆ. ಮಾಮೂಲಿ ಬೆಳಕಿನಲ್ಲಿ, ದಿನನಿತ್ಯ ನೋಡುವ ಡಯಲ್ಲಿನಲ್ಲೂ ಕಂಡರೆ ಮಾತ್ರ ಅದು ದೂರು ಕೊಡುವ ವಿಷಯ. ರಿಟರ್ನ್ ಅವಧಿಯಲ್ಲಾದರೆ ಹೇಗೂ ಹೇಳಿಬಿಡಿ, ನಷ್ಟವಿಲ್ಲ.

ಹಾಗೆಯೇ ಫೋನ್ ಕ್ಯಾಮೆರಾದಲ್ಲಿ ವಾಚನ್ನು ನೋಡಿದಾಗ ಪಟ್ಟೆ ಪಟ್ಟೆ ಓಡುವುದು ದೋಷವಲ್ಲ. ಪರದೆ ವೇಗವಾಗಿ ಆರಿ ಹತ್ತುತ್ತಾ ಬೆಳಕು ಹೊಂದಿಸಿಕೊಳ್ಳುವುದನ್ನು ಕ್ಯಾಮೆರಾ ಹಿಡಿಯುತ್ತದೆ. ಯಾವಾಗಲೂ ಉರಿಯುವ ಡಯಲ್ಲಿನಲ್ಲಿ ಮುಳ್ಳುಗಳು ಆಗಾಗ ಒಂದೆರಡು ಪಿಕ್ಸೆಲ್ ಸರಿಯುವುದೂ ದೋಷವಲ್ಲ, ಒಂದೇ ಜಾಗ ಸವೆದು ಚಿತ್ರದ ಅಚ್ಚು ಉಳಿಯದಿರಲಿ ಅಂತ ಬೇಕಂತಲೇ ಸರಿಸುತ್ತಾರೆ. ಒದ್ದೆ ಕೈಗೆ ಟಚ್ ಕೇಳದಿರುವುದು, ಕೆಲವು ತಂಪು ಕನ್ನಡಕ ಹಾಕಿದಾಗ ಪರದೆ ಮಂಕಾಗುವುದು, ಇವಕ್ಕೆಲ್ಲ ಸರ್ವಿಸ್ ಸೆಂಟರಿಗೆ ಹೋದರೆ ಅರ್ಧ ದಿನ ದಂಡ.

ಈಗ ವಾರಂಟಿ ಕಾಗದ. ಡಬ್ಬಿಯಲ್ಲಿ ಮಡಚಿಟ್ಟ, ಯಾರೂ ಬಿಚ್ಚದ ಆ ಹಾಳೆಯನ್ನು ಒಮ್ಮೆ ಬಿಚ್ಚಿ. ಯಾವ ಕಂಪನಿಯದಾದರೂ ಅದರ ಸಾರ ಎರಡು ಮಾತು: ವಸ್ತುವಿನಲ್ಲಿ ಅಥವಾ ತಯಾರಿಕೆಯಲ್ಲಿ ತಪ್ಪಿದ್ದರೆ ನಾವು ನೋಡಿಕೊಳ್ಳುತ್ತೇವೆ, ಅಪಘಾತ ಮತ್ತು ಸವೆತ ನಿಮ್ಮದು. ಗೀರು ಎರಡನೆಯದಕ್ಕೆ ಸೇರುತ್ತದೆ ನಿಜ. ಆ ಗೀರನ್ನು ಸರಿಮಾಡಿಕೊಡಿ ಅಂತ ನೀವು ಕೇಳಿದರೆ ಅವರು ಇಲ್ಲ ಅನ್ನಬಹುದು. ನೀವು ಕೇಳುತ್ತಿರುವುದು ಗೆರೆಯನ್ನು. ಗೀರು ಇರುವ ವಾಚಿಗೆ ವಾರಂಟಿಯೇ ಇಲ್ಲ ಅಂತ ಆ ಹಾಳೆಯಲ್ಲಿ ಎಲ್ಲಾದರೂ ಇದೆಯಾ ಹುಡುಕಿ. ಸಾಮಾನ್ಯವಾಗಿ ಇರುವುದಿಲ್ಲ. ಇರುವುದು ‘ಅಪಘಾತದಿಂದ ಉಂಟಾದ ಹಾನಿಗೆ ವಾರಂಟಿ ಇಲ್ಲ’ ಅಂತ. ‘ಉಂಟಾದ’ ಅನ್ನುವ ಒಂದು ಪದದ ಮೇಲೆ ನಿಮ್ಮ ಕೇಸು ನಿಂತಿದೆ. ಇದರಿಂದ ಅದು ಉಂಟಾಯಿತು ಅಂತ ತೋರಿಸಬೇಕಾದವರು ಅವರು.

ಆದ್ದರಿಂದ ಮತ್ತೆ ಅಲ್ಲಿಗೆ ಹೋದಾಗ ದನಿ ಏರಿಸಬೇಡಿ. ಕೌಂಟರಿನಲ್ಲಿರುವ ಹುಡುಗ ಹುಡುಗಿಯರಿಗೆ ಒಪ್ಪುವ ಅಧಿಕಾರ ಕಡಿಮೆ, ಬೈಸಿಕೊಳ್ಳುವ ಕೆಲಸ ಜಾಸ್ತಿ. ಮೂರು ಪ್ರಶ್ನೆಗೆ ಬರಹದಲ್ಲಿ ಉತ್ತರ ಕೇಳಿ. ಪೆಟ್ಟು ಬಿದ್ದ ಜಾಗ ಯಾವುದು? ಆ ಜಾಗಕ್ಕೂ ಗೆರೆಗೂ ಸಂಬಂಧ ಹೇಗೆ? ವಾರಂಟಿಯ ಯಾವ ನಿಯಮದ ಪ್ರಕಾರ ನಿರಾಕರಿಸುತ್ತಿದ್ದೀರಿ? ಇದನ್ನು ಜಾಬ್ ಶೀಟಿನಲ್ಲೇ, ಅಂದರೆ ವಾಚು ತೆಗೆದುಕೊಂಡಾಗ ಅವರು ತುಂಬುವ ಹಾಳೆಯಲ್ಲೇ ಬರೆದು, ಅವರು ತೆಗೆದ ಫೋಟೋ ಜೊತೆ ಕೊಡಲಿ. ಬಾಯಿಮಾತಿನಲ್ಲಿ ‘ಫಿಸಿಕಲ್ ಡ್ಯಾಮೇಜ್’ ಅನ್ನುವುದು ಸುಲಭ. ಸಹಿ ಹಾಕಿ ಬರೆಯಬೇಕಾದಾಗ ಎಷ್ಟೋ ಸಲ ಒಳಗಿನಿಂದ ಒಬ್ಬ ಹಿರಿಯ ಟೆಕ್ನಿಷಿಯನ್ ಎದ್ದು ಬರುತ್ತಾರೆ, ಇನ್ನೊಮ್ಮೆ ನೋಡುತ್ತಾರೆ. ಮೇಜಿನ ಆಚೆ ಇದ್ದಾಗ ನಾನೇ ಹೀಗೆ ಎದ್ದು ಬಂದಿದ್ದೇನೆ. ಒಮ್ಮೆ ನಮ್ಮ ಹುಡುಗ ಬೆಲ್ಟಿನ ಕೊಂಡಿ ತಾಗಿ ಬಿದ್ದ ಗೀರನ್ನು ಪೆಟ್ಟು ಅಂತ ಬರೆದು ವಾಪಸ್ ಕಳಿಸಿದ್ದ. ಆ ಹೆಂಗಸು ಏನೂ ಗಲಾಟೆ ಮಾಡಲಿಲ್ಲ, ‘ಇದನ್ನೇ ಬರೆದುಕೊಡಿ’ ಅಂದರು. ತೆರೆದು ನೋಡಿದರೆ ಫ್ಲೆಕ್ಸ್ ಕೇಬಲ್ ಕೂರಿಸುವಾಗಲೇ ಓರೆಯಾಗಿತ್ತು.

ಬರೆದುಕೊಟ್ಟೂ ನಿರಾಕರಿಸಿದರೆ ಅದೇ ಕಾಗದ ಹಿಡಿದು ಕಂಪನಿಯ ಕೇಂದ್ರ ಗ್ರಾಹಕ ಸೇವೆಗೆ ಇಮೇಲ್ ಮಾಡಿ. ಎಷ್ಟೋ ಸರ್ವಿಸ್ ಸೆಂಟರುಗಳು ಕಂಪನಿಯವಲ್ಲ, ಗುತ್ತಿಗೆಯವು. ಒಂದರ ತೀರ್ಮಾನ ಕಂಪನಿಯ ತೀರ್ಮಾನ ಆಗಬೇಕೆಂದಿಲ್ಲ. ಕಾರ್ಡಿನಲ್ಲಿ ಹಣ ಕೊಟ್ಟಿದ್ದರೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕಿನ ಮೂಲಕವೇ ಹಣ ವಾಪಸ್, ಕೇಳುವ ದಾರಿಯೂ ಇದೆ, ಅದಕ್ಕೂ ಗಡುವು ಇರುತ್ತದೆ.

ಮಾರಿದವರು ‘ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ’ ಅಂದಿದ್ದು ಇನ್ನೊಂದು ವಿಷಯ. ವಾರಂಟಿ ಅನ್ನುವುದು ಕಂಪನಿ ತಾನಾಗಿ ಕೊಟ್ಟ ಭರವಸೆ. ಕಾನೂನು ಕೊಡುವ ಹಕ್ಕು ಅದರಿಂದ ಬೇರೆ, ಅದು ವಾರಂಟಿ ಹಾಳೆಯಲ್ಲಿ ಬರೆದಿರಲಿ ಬಿಡಲಿ ನಿಮ್ಮದೇ. ಯುರೋಪಿಯನ್ ಒಕ್ಕೂಟದಲ್ಲಿ ಹೊಸ ವಸ್ತುವಿಗೆ ಕನಿಷ್ಠ ಎರಡು ವರ್ಷ ಮಾರಿದವರೇ ಹೊಣೆ. ಮೊದಲ ವರ್ಷ ಕಾಣಿಸಿಕೊಂಡ ದೋಷ ಕೊಳ್ಳುವಾಗಲೇ ಇತ್ತು ಅಂತ ಇಟ್ಟುಕೊಳ್ಳುತ್ತಾರೆ, ಇಲ್ಲ ಅನ್ನುವುದಾದರೆ ಮಾರಿದವರು ತೋರಿಸಬೇಕು. ಬ್ರಿಟನ್ನಿನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಪ್ರಕಾರ ದೋಷವಿರುವ ವಸ್ತುವನ್ನು 30 ದಿನದೊಳಗೆ ಹಿಂತಿರುಗಿಸಿ ಪೂರ್ತಿ ಹಣ ಕೇಳಬಹುದು. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರನ್ನು ಮಾರಿದವರ ಮೇಲೂ ತಯಾರಕರ ಮೇಲೂ ಕೊಡಬಹುದು, ಎರಡು ವರ್ಷದೊಳಗೆ. ನೀವು ಎಲ್ಲಿ ಕೊಂಡಿದ್ದೀರೋ ಅಲ್ಲಿನ ನಿಯಮವನ್ನು ನೋಡಿ, ಮುಂದಿನ ಪತ್ರದಲ್ಲಿ ಅದರ ಹೆಸರು ಬರೆಯಿರಿ. ಬೇರೆ ದೇಶದಿಂದ ತರಿಸಿದ ವಾಚಾದರೆ ಮಾತ್ರ ಎಚ್ಚರ. ವಾರಂಟಿ ಆ ದೇಶಕ್ಕೇ ಸೀಮಿತವಾಗಿರಬಹುದು.

ಮೊದಲು ‘ನಿಮ್ಮದೇ ತಪ್ಪು’ ಅಂದು ಆಮೇಲೆ ಕಂಪನಿಯೇ ಒಪ್ಪಿಕೊಂಡ ಉದಾಹರಣೆ ಇದೆಯಾ ಅಂತ ಕೇಳಬಹುದು. ಪರದೆಯ ತಪ್ಪು ತಮ್ಮದು ಅಂತ ದೊಡ್ಡ ಕಂಪನಿಗಳು ಒಪ್ಪಿಕೊಂಡಿದ್ದಂತೂ ಇದೆ. 2019ರ ಆಗಸ್ಟ್‌ನಲ್ಲಿ ಆಪಲ್ ತನ್ನ ಸೀರೀಸ್ 2 ಮತ್ತು ಸೀರೀಸ್ 3 ಅಲ್ಯೂಮಿನಿಯಂ ವಾಚುಗಳಲ್ಲಿ ಕೆಲವಕ್ಕೆ ಪರದೆಯ ದುಂಡು ಅಂಚಿನಲ್ಲಿ ಬಿರುಕು ಬರಬಹುದು ಎಂದು ಒಪ್ಪಿ, ಉಚಿತವಾಗಿ ಪರದೆ ಬದಲಿಸುವ ಯೋಜನೆ ತಂದಿತು. ಬಿರುಕನ್ನೇ ಒಪ್ಪಿಕೊಂಡರು ನೋಡಿ, ಗೆರೆ ಯಾವ ಲೆಕ್ಕ! ಫೋನುಗಳಲ್ಲಿ ಒನ್‌ಪ್ಲಸ್ 2023ರಲ್ಲಿ ತನ್ನ ಕೆಲವು ಹಳೆಯ ಮಾಡೆಲ್ಲುಗಳಿಗೆ ಹಸಿರು ಗೆರೆ ಬಂದರೆ ವಾರಂಟಿ ಮುಗಿದಿದ್ದರೂ ಭಾರತದಲ್ಲಿ ಪರದೆ ಬದಲಿಸಿಕೊಡುವುದಾಗಿ ಹೇಳಿತು. ನಿಮ್ಮ ಮಾಡೆಲ್ಲಿಗೆ ಇಂಥದ್ದೇನಾದರೂ ಇದೆಯಾ ಅಂತ ಕಂಪನಿಯ ಸಪೋರ್ಟ್ ಪುಟದಲ್ಲಿ ಒಮ್ಮೆ ನೋಡಿ. ಸರ್ವಿಸ್ ಸೆಂಟರಿನವರಿಗೇ ಗೊತ್ತಿಲ್ಲದಿರುವುದುಂಟು.

ಈ ಮಧ್ಯೆ ನೀವು ಮಾಡಬಾರದ್ದು ಕೆಲವಿವೆ. ಚುಕ್ಕೆಯ ಮೇಲೆ ಬೆರಳಿನಿಂದ ಒತ್ತಿ ಉಜ್ಜುವುದು ಹಳೇ ಎಲ್‌ಸಿಡಿ ಕಾಲದ ಮನೆಮದ್ದು. ಅಮೋಲೆಡ್ ಮೇಲೆ ಅದು ಇರುವ ರೋಗ ಹೆಚ್ಚಿಸುತ್ತದೆ. ಬಿಸಿಗಾಳಿ ಹಾಯಿಸಬೇಡಿ, ನೀರು ತಡೆಯುವ ಅಂಟು ಸಡಿಲವಾಗುತ್ತದೆ. ಹೊರಗೆ ಯಾರ ಕೈಯಲ್ಲೂ ಬಿಚ್ಚಿಸಬೇಡಿ. ಬಿಚ್ಚಿದ ಗುರುತು ಒಂದು ಸಿಕ್ಕರೆ ನಾನು ಇಷ್ಟು ಹೊತ್ತು ಹೇಳಿದ ವಾದವೆಲ್ಲ ನೀರಿಗೆ ಹೋಯಿತು. ನೀರು ಅಂದ ಮೇಲೆ ನೆನಪಾಯಿತು, ತೀರ್ಮಾನ ಆಗುವವರೆಗೆ ಈ ವಾಚು ಕಟ್ಟಿಕೊಂಡು ಈಜಬೇಡಿ, ಸ್ನಾನ ಮಾಡಬೇಡಿ. ನೀರಿನ ಒತ್ತಡ ಎಷ್ಟು ತಡೆಯುತ್ತದೆ ಅನ್ನುವ ಗುರುತು 5 ಎಟಿಎಂ ಅಂತ ಬರೆದಿದ್ದರೂ ಬಿಸಿನೀರು, ಸೋಪು, ಹಬೆಗೆ ಆ ಮಾತು ಅನ್ವಯಿಸುವುದಿಲ್ಲ. ಎಷ್ಟೋ ವಾಚುಗಳ ಒಳಗೆ ನೀರು ತಾಗಿದರೆ ಬಣ್ಣ ಬದಲಿಸುವ ಪುಟ್ಟ ಸ್ಟಿಕ್ಕರ್ ಇರುತ್ತದೆ. ಅದು ಕೆಂಪಾದರೆ ಗೀರಿನ ಬದಲು ನೀರಿನ ಕಥೆ ಶುರುವಾಗುತ್ತದೆ.

ಈಗ ಹೋಗಿ ಎಕ್ಸ್‌ಟೆಂಡೆಡ್ ವಾರಂಟಿ ಕೊಳ್ಳಲೇ ಅಂತ ಯಾರಾದರೂ ಕೇಳುತ್ತಾರೆ. ಈ ಗೆರೆಗೆ ಅದು ಬೇಕಿಲ್ಲ. ಅಂಥ ಯೋಜನೆ ಕೊಳ್ಳುವ ಮುಂಚೆಯೇ ಇದ್ದ ದೋಷಕ್ಕೆ ಅದು ಸಾಮಾನ್ಯವಾಗಿ ಬರುವುದಿಲ್ಲ. ಜೊತೆಗೆ, ಎಕ್ಸ್‌ಟೆಂಡೆಡ್ ಅನ್ನುವುದು ಅದೇ ವಾರಂಟಿಯನ್ನು ಉದ್ದ ಮಾಡುತ್ತದೆ ಅಷ್ಟೇ, ಒಡೆದ ಗಾಜು ಅದರಲ್ಲೂ ಬರುವುದಿಲ್ಲ. ಗಾಜಿಗೆ ಬೇಕಾದ್ದು ಅಪಘಾತ ರಕ್ಷಣೆಯ ಯೋಜನೆ. ಎರಡರ ಹೆಸರೂ ಒಂದೇ ಥರ ಕೇಳಿಸುತ್ತದೆ, ಮಾರುವವರೂ ಬಿಡಿಸಿ ಹೇಳುವುದಿಲ್ಲ.

ಕೊನೆಗೆ ಅವರು ಒಪ್ಪಿದರು ಅಂದುಕೊಳ್ಳೋಣ. ಪರದೆ ಬದಲಿಸುತ್ತಾರೋ ಪೂರ್ತಿ ವಾಚನ್ನೋ, ಕೊಡುವುದು ಹೊಸದೋ ರಿಪೇರಿ ಮಾಡಿ ಸಿದ್ಧಪಡಿಸಿದ್ದೋ ಕೇಳಿ. ಹೆಚ್ಚಿನ ವಾರಂಟಿಗಳಲ್ಲಿ ಎರಡನೆಯದನ್ನು ಕೊಡಲು ಅವಕಾಶ ಇರುತ್ತದೆ. ಹನ್ನೆರಡು ದಿನದ ವಾಚಿಗೆ ಅದು ಬೇಡ ಅಂತ ಕೇಳಿ ನೋಡುವುದರಲ್ಲಿ ತಪ್ಪಿಲ್ಲ, ರಿಟರ್ನ್ ಅವಧಿಯೊಳಗೆ ನೀವು ಕಳಿಸಿದ ಇಮೇಲ್ ಇಲ್ಲೂ ಕೆಲಸಕ್ಕೆ ಬರುತ್ತದೆ. ಪರದೆ ಮಾತ್ರ ಬದಲಿಸಿದರೆ ನೀರು ತಡೆಯುವ ಪರೀಕ್ಷೆ ಮತ್ತೆ ಮಾಡಿದ್ದೀರಾ ಅಂತ ಕೇಳಿ, ಶೀಟಿನಲ್ಲಿ ಬರೆಸಿಕೊಳ್ಳಿ. ವಾಚೇ ಬದಲಾದರೆ ಹೊಸ ಸೀರಿಯಲ್ ನಂಬರಿಗೆ ವಾರಂಟಿ ಯಾವಾಗಿನವರೆಗೆ ಅನ್ನುವುದನ್ನೂ. ಆ ಬಣ್ಣಗಳ ಫೋಟೋಗಳನ್ನು ಫೋನಿನಲ್ಲಿ ಇಟ್ಟುಕೊಂಡೇ ಹೋಗಿ. ಕೌಂಟರ್ ಬಿಟ್ಟು ಹೊರಡುವ ಮುಂಚೆ ಅಲ್ಲೇ ಒಂದೊಂದಾಗಿ ಹಾಕಿ ನೋಡಿ, ಹಿಂದೆ ಸಾಲು ನಿಂತವರು ಗೊಣಗಿದರೂ ಪರವಾಗಿಲ್ಲ.

ಒಳಗೆ ಕೊಡುವಾಗ ವಾಚನ್ನು ಫೋನಿನಿಂದ ಅನ್‌ಪೇರ್ ಮಾಡಿ, ಖಾತೆಯ ಬೀಗ ತೆಗೆದಿರಿ. ಇಲ್ಲದಿದ್ದರೆ ‘ಲಾಕ್ ಆಗಿದೆ’ ಅಂತ ವಾರದ ನಂತರ ಫೋನ್ ಬರುತ್ತದೆ. ಬೆಲ್ಟ್ ಬಿಚ್ಚಿ ಮನೆಯಲ್ಲೇ ಇಟ್ಟು ಹೋಗಿ. ವಾಚು ಬದಲಾಗಿ ಬರುವಾಗ ಬೆಲ್ಟ್ ವಾಪಸ್ ಬರುವುದು ಅಪರೂಪ.